ಘಾನಾದಿಂದ ಬಂದ ಮಣೆ

ಹೋದ ತಿಂಗಳು ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಎದುರು ಮನೆಯವರು ಬೋರ್‌ವೆಲ್ ಕೊರೆಸಿದರು. ಬೆಳಿಗ್ಗೆ ಶುರುವಾದ ಸದ್ದು ಸಂಜೆಯಾದರೂ ನಿಲ್ಲಲಿಲ್ಲ. ಸದ್ದನ್ನು ಹೇಗೋ ಸಹಿಸಬಹುದು, ಆ ಬಿಳಿ ಧೂಳು ಮಾತ್ರ ಕಿಟಕಿ ಮುಚ್ಚಿದರೂ ಒಳಗೆ ಬಂತು. ಮೊದಲು ಸುಟ್ಟ ಕಲ್ಲಿನ ವಾಸನೆ, ಕೆಳಗೆ ನೀರು ತಗುಲಿದ ಮೇಲೆ ಒದ್ದೆ ಸುಣ್ಣದಂಥ ವಾಸನೆ. ನಮ್ಮ ಮನೆಯವರು ಜಗಳಕ್ಕೆ ಹೊರಟರು. ಜಗಳದಲ್ಲಿ ನಮ್ಮ ಮನೆಯಲ್ಲಿ ನಾನೇ ಮುಂದು, ಆದರೆ ಅವತ್ತು ನನಗೆ ಬಾಯಿ ಬರಲಿಲ್ಲ. ರಿಗ್ ಪಕ್ಕ ಮುಖಕ್ಕೆ ಟವೆಲ್ ಸುತ್ತಿಕೊಂಡು ನಿಂತಿದ್ದ ಕೆಲಸಗಾರನಿಗೆ ಮನೆಯಲ್ಲಿದ್ದ ಮಾಸ್ಕ್ ಒಂದನ್ನು ಕೊಟ್ಟು ಬಂದೆ. ಅವನು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡ. ಒಳಗೆ ಬಂದು ಕೂತೆ. ಲೊಕ್ಕನಹಳ್ಳಿಯಲ್ಲಿ ನಾನು ಕಳೆದ ಒಂದೇ ಒಂದು ಮಳೆಗಾಲ, ಆ ಮನೆ, ಆ ಮನೆಯ ಮಣೆ, ಎಲ್ಲವೂ ಆ ಧೂಳಿನ ಜತೆಗೇ ಒಳಗೆ ಬಂದಿದ್ದವು.

ನಾನು ಡ್ರಾಯಿಂಗ್ ಟೀಚರ್. ತವರು ಯಳಂದೂರು ತಾಲ್ಲೂಕಿನ ಮಾಂಬಳ್ಳಿ, ಕೊಟ್ಟಿದ್ದು ಕೊಳ್ಳೇಗಾಲಕ್ಕೆ. ಆ ವರ್ಷ ಲೊಕ್ಕನಹಳ್ಳಿ ಕಡೆಯ ಒಂದು ಶಾಲೆಗೆ ವರ್ಗವಾಯಿತು. ಡ್ರಾಯಿಂಗ್ ಟೀಚರ್ ವರ್ಗವಾದರೆ ಬಿಟ್ಟ ಊರಲ್ಲಿ ಯಾರೂ ಅಳುವುದಿಲ್ಲ, ಹೋದ ಊರಲ್ಲಿ ಯಾರೂ ಕಾದಿರುವುದಿಲ್ಲ. ಮೊದಮೊದಲು ಬಸ್ಸಿನಲ್ಲೇ ಓಡಾಡಿದೆ. ಸಂಜೆಯ ಬಸ್ಸು ತಪ್ಪಿದರೆ ಒಂದು ಪಾಡು, ಕಾಡಿನಂಚಿನ ರಸ್ತೆಯಲ್ಲಿ ಆನೆ ನಿಂತುಬಿಟ್ಟರೆ ಇನ್ನೊಂದು ಪಾಡು. ಸಾಕುಸಾಕಾಗಿ, ಶ್ರಾವಣ ಮುಗಿಯುವ ಹೊತ್ತಿಗೆ ಅಲ್ಲೇ ಒಂದು ಕೋಣೆ ಹಿಡಿದೆ. ಶನಿವಾರ ಕೊಳ್ಳೇಗಾಲಕ್ಕೆ ಹೋಗುವುದು, ಸೋಮವಾರ ಬೆಳಗಿನ ಬಸ್ಸಿಗೆ ವಾಪಸು ಬರುವುದು.

ಅದು ಮಲ್ಲಾಜಮ್ಮ ಎನ್ನುವ ಮುದುಕಿಯ ಮನೆ. ಹೆಂಚಿನ ಸೂರು, ಮುಂದೆ ಉದ್ದನೆಯ ಜಗಲಿ, ಜಗಲಿಯ ತುದಿಗೆ ನನ್ನ ಕೋಣೆ. ಒಳಗೆ ಮಲ್ಲಾಜಮ್ಮ, ಅವರ ಒಬ್ಬನೇ ಮಗ ನಾಗಮಲ್ಲಪ್ಪ, ಸೊಸೆ ಮಂಗಳ. ನಾನು ಟ್ರಂಕು ಇಳಿಸಲು ಜಾಗ ನೋಡುತ್ತಿದ್ದಾಗ ಜಗಲಿಯ ಮೇಲೆ ಒಂದು ಮಣೆ ಪಕ್ಕಕ್ಕೆ ಉರುಳಿ ಬಿದ್ದಿತ್ತು. ಎತ್ತಿ ನಿಲ್ಲಿಸಿದೆ, ನಿಲ್ಲಿಸಿದವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು ನೋಡುತ್ತಾ ಉಳಿದೆ. ನಮ್ಮ ಕಡೆಯ ಮಣೆಯಲ್ಲ ಅದು. ಒಂದು ಮೊಳಕ್ಕಿಂತ ಎತ್ತರ. ಕೂರುವ ಹಲಗೆ ಎರಡೂ ತುದಿಯಲ್ಲಿ ಬಿದಿಗೆಯ ಚಂದ್ರನ ಹಾಗೆ ಮೇಲಕ್ಕೆ ಬಾಗಿತ್ತು. ಕೆಳಗೆ ಚಪ್ಪಟೆ ಪಾದ, ನಡುವೆ ಒಂದು ದಪ್ಪ ಕಂಬ, ಕಂಬದ ತುಂಬ ಗುಂಡುಗುಂಡಾದ ಉಬ್ಬುಗಳು. ಎಲ್ಲಿಯೂ ಒಂದು ಮೊಳೆಯಿಲ್ಲ, ಒಂದು ಜೋಡಣೆಯಿಲ್ಲ. ಇಡೀ ಮಣೆಯನ್ನು ಒಂದೇ ತುಂಡು ಬಿಳಿಮರದಲ್ಲಿ ಕೊರೆದಿದ್ದರು. ಆ ಬಾಗಿನ ಗೆರೆಯನ್ನು ಬರೆಯಲು ನನಗೆ ಈಗಲೂ ಕೈ ಸಾಲದು.

ಒಳಗಿನಿಂದ ಗಂಡಸಿನ ದನಿ ಬಂತು. "ಮಲಗ್ಸಿ ಟೀಚರೇ. ಅದ ಮಲಗ್ಸಿ." ಹಿಂದೆಯೇ ಕೆಮ್ಮು.

ಅಡುಗೆಮನೆಯಿಂದ ಮುದುಕಿಯ ದನಿ. "ನಿಲ್ಸುದ್ರಲ್ಲ ಟೀಚರಮ್ಮ, ಒಳ್ಳೇದಾಯ್ತು. ಅಂಗೇ ಇರ್ಲಿ ಬುಡಿ."

ನಾನು ಮಣೆ ಹಿಡಿದುಕೊಂಡು ನಡುವೆ ನಿಂತೆ. ಆ ಮನೆಯ ಜಗಳ ಏನೆಂದು ಅದರ ಹೊಸಿಲು ದಾಟುವ ಮೊದಲೇ ನನಗೆ ಗೊತ್ತಾಗಿತ್ತು.

ನಾಗಮಲ್ಲಪ್ಪ ಬೋರ್‌ವೆಲ್ ರಿಗ್ಗಿನ ಡ್ರಿಲ್ಲರ್ ಆಗಿದ್ದವರು. ಆ ಗಡಿಯ ಊರುಗಳಲ್ಲಿ ತಮಿಳುನಾಡಿನ ಲಾರಿಗಳ ಜತೆ ಹೋಗುವ ಗಂಡಸರು ಬಹಳ. ಅವರೂ ಹರೆಯದಲ್ಲೇ ಹೋದವರು, ತಮಿಳು ಕಲಿತರು, ಲಾರಿಯ ಜತೆಗೆ ಊರೂರು ಅಲೆದರು. ಆಮೇಲೆ ರಿಗ್ಗುಗಳನ್ನು ಹಡಗಿಗೆ ಹಾಕಿ ಆಫ್ರಿಕಕ್ಕೆ ಕಳಿಸುವ ಕಾಲ ಬಂದಾಗ ರಿಗ್ಗಿನ ಹಿಂದೆ ಘಾನಾಕ್ಕೂ ಹೋದರು. ಅಲ್ಲಿ ಕೆಲವು ವರ್ಷ ಇದ್ದು ವಾಪಸು ಬಂದಾಗ ಜತೆಯಲ್ಲಿ ಬಂದದ್ದು ಈ ಮಣೆ ಮತ್ತು ಎದೆಯೊಳಗಿನ ಕಲ್ಲಿನ ಧೂಳು. ಧೂಳು ಅಲ್ಲಿಯದೊಂದೇ ಅಲ್ಲ, ಇಲ್ಲಿಯದೂ ಸೇರಿತ್ತು. ಕೊಳ್ಳೇಗಾಲದ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು, ಇದನ್ನು ತೊಳೆಯಲು ಬರುವುದಿಲ್ಲ ಎಂದಿದ್ದರಂತೆ. ನಾನು ನೋಡಿದಾಗ ಅವರಿಗೆ ಐವತ್ತೂ ಆಗಿರಲಿಲ್ಲ. ಜಗಲಿಯಿಂದ ಬಚ್ಚಲಿಗೆ ಹೋಗಿ ಬಂದರೆ ಗೋಡೆ ಹಿಡಿದು ಸುಧಾರಿಸಿಕೊಳ್ಳಬೇಕಿತ್ತು.

ಬೆಳಿಗ್ಗೆ ಬಿಸಿಲು ಬಿದ್ದರೆ ಜಗಲಿಯಲ್ಲಿ ಆ ಮಣೆಯ ಮೇಲೆ ಕೂರುತ್ತಿದ್ದರು. ಮಾತಿಗೆ ಆಸೆಪಡುವ ಮನುಷ್ಯ. ಎರಡು ಮಾತಾಡಿ ಉಸಿರು ಎಳೆದುಕೊಂಡು ಮತ್ತೆ ಎರಡು ಮಾತು. ಹಾಗೆ ತುಂಡುತುಂಡಾಗಿ ಮಣೆಯ ಕತೆ ನನಗೆ ಸಿಕ್ಕಿತು.

"ಒಂದೂರು ಟೀಚರೇ. ಎಲ್ ಕೊರೆದ್ರೂವ ಬರೀ ಧೂಳು. ಓನರ್ರು ರಿಗ್ ಎತ್ರಪ್ಪ ಅಂದ್ರು. ನಾನು ಇನ್ನೊಂದ್ ಕಡೆ ನೋಡ್ತೀನಿ ಸಾ ಅಂತ ಕಾಲಿಡ್ಕಂಡೆ. ಎಂಗಸ್ರು ಎಲ್ಲಾ ಕೊಡ ಇಟ್ಕಂಡು ಸುತ್ತ ನಿಂತವ್ರ, ಎಂಗ್ ಎತ್ತದು ರಿಗ್ಗ? ಕೊರೆದ್ರೆ ಬಂತು ನೋಡಿ. ಮರದೆತ್ರ ಚಿಮ್ತು."

ಆ ಊರಿನ ಹಿರಿಯರು ಅವರನ್ನು ಕರೆಸಿದರಂತೆ. ಅವರ ಅರಸನ ಮನೆ ನಮ್ಮ ತೊಟ್ಟಿಮನೆಯ ಹಾಗೇ ಇತ್ತು ಎನ್ನುವರು. ನಡುವೆ ಅಂಗಳ, ಸುತ್ತ ಕೋಣೆ, ಗೋಡೆಯ ಕೆಳಗಿನ ಅರ್ಧ ಕೆಮ್ಮಣ್ಣು ಬಳಿದು ಉಜ್ಜಿ ಹೊಳೆಸಿದ್ದು, ಮೇಲಿನ ಅರ್ಧ ಬಿಳುಪು, ಬಿಳುಪಿನ ಮೇಲೆ ಮಣ್ಣಿನಲ್ಲೇ ಎಬ್ಬಿಸಿದ ಸುರುಳಿ ಬಳ್ಳಿ. ಅರಸ ದೊಡ್ಡ ಛತ್ರಿಯ ಕೆಳಗೆ ಕೂತಿದ್ದ. ಅವನು ನೇರವಾಗಿ ಮಾತಾಡುವ ಹಾಗಿಲ್ಲ. ಚಿನ್ನದ ತಗಡು ಹೊದಿಸಿದ ಕೋಲು ಹಿಡಿದವನೊಬ್ಬ ಪಕ್ಕದಲ್ಲಿ ನಿಂತು ಅರಸನ ಮಾತನ್ನು ಆಡಬೇಕು. ಹುಟ್ಟಿದ ವಾರ ಯಾವುದೆಂದು ಕೇಳಿದರು. ಸೋಮವಾರ ಎಂದಾಗ ಕ್ವಾಜೊ ಎಂದು ಹೆಸರಿಟ್ಟರು. ಈ ಹೊಸ ಮಣೆಯ ಮೇಲೆ ಅವರನ್ನು ಕೂರಿಸಿ ಎತ್ತಿದರು, ಮತ್ತೆ ಕೂರಿಸಿ ಎತ್ತಿದರು. ಮಣೆ ಕೆತ್ತುವ ಮೊದಲು ಕೆತ್ತುವವನು ನಿನ್ನ ಗುರುತು ಯಾವುದೆಂದು ಕೇಳಿದ್ದನಂತೆ. ಅಲ್ಲಿ ಒಬ್ಬೊಬ್ಬರ ಮಣೆಯ ನಡುಗಂಬಕ್ಕೆ ಒಂದೊಂದು ಗುರುತು. ಇವರು ಮಣ್ಣಿನ ಮೇಲೆ ಕಲ್ಲು ಕೊರೆಯುವ ಬಿಟ್ಟಿನ ಚಿತ್ರ ಬರೆದು ತೋರಿಸಿದ್ದರು. ಕಂಬದ ಮೇಲಿನ ಆ ಉಬ್ಬುಗಳು ಬಿಟ್ಟಿನ ಹಲ್ಲುಗಳು.

"ಎದ್ದಾಗ ಮಲಗುಸ್ಬೇಕು. ಬ್ಯಾರೇರು ಕೂರಂಗಿಲ್ಲ. ನಿಲ್ಸಿ ಖಾಲಿ ಬುಟ್ರ, ಅಲೆಯೋ ಅಂತವು ಬಂದು ಕೂತ್ಕತವಂತೆ," ಎಂದರು.

ಒಳಗಿನಿಂದ ಮಲ್ಲಾಜಮ್ಮ ಬಂದರು. "ಎಣ ಎತ್ತುದ ಮ್ಯಾಲೆ ಮಂಚ ಮಗುಚಾದು ಕಣವ್ವ ನಮ್ಮಲ್ಲಿ. ಬದುಕಿರೋ ಮಗನ್ ಮಣೆಯ ಮಗುಚ್ಕಂಡು ಕೂರಕ್ಕಾದ್ದಾ? ನೀವೇ ಏಳಿ, ಓದ್ದೋರು."

ಓದಿದವಳು ಏನು ಹೇಳಲಿ. ಇಬ್ಬರಿಗೂ ಹೆದರಿಕೆ ಒಂದೇ, ಮಣೆಯನ್ನು ಅವರು ಮಲಗಿಸುತ್ತಿದ್ದುದೂ ಇವರು ನಿಲ್ಲಿಸುತ್ತಿದ್ದುದೂ ಆ ಹೆದರಿಕೆಗೇ. ಹಗಲೆಲ್ಲ ಆ ಮಣೆ ಏಳುತ್ತಿತ್ತು, ಬೀಳುತ್ತಿತ್ತು.

ಉತ್ತರೆ ಮಳೆ ಹಿಡಿದುಕೊಂಡ ದಿನಗಳಲ್ಲಿ ಮಂಗಳ ಗಂಡನನ್ನು ಕೊಳ್ಳೇಗಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಅವರು ವಾಪಸಾಗುವಾಗ ನಾನೂ ಶಾಲೆಯಿಂದ ಬಂದೆ. ಜಗಲಿಯಲ್ಲಿ ಮಣೆ ಇರಲಿಲ್ಲ.

"ಅವ್ವ, ಎಲ್ಲಿ?" ಎಂದರು ನಾಗಮಲ್ಲಪ್ಪ.

ಮಲ್ಲಾಜಮ್ಮ ತಲೆ ಎತ್ತಲಿಲ್ಲ. "ಸೌದೆ ಒಟ್ಟಿಗ ಆಕಿವ್ನಿ. ಮನೆ ಒಳಗ ಬ್ಯಾಡ ಅದು. ಅದು ಬಂದಾಗಿಂದ್ಲೂ ನಿಂಗ ಏಳ್ಗೆ ಇಲ್ಲ."

ನಾಗಮಲ್ಲಪ್ಪ ಮಳೆಯಲ್ಲೇ ಹಿತ್ತಲಿಗೆ ನಡೆದರು. ಒಟ್ಟಿನ ಮೇಲೆ ಹೊದಿಸಿದ್ದ ಸೋಗೆ ಕಿತ್ತೆಸೆದು, ಸೌದೆ ಎಳೆದುಹಾಕಿ, ಮಣೆಯನ್ನು ಹೊರಗೆ ತೆಗೆದರು. ಅಷ್ಟರಲ್ಲಿ ಉಸಿರು ಪೂರ್ತಿ ಹೋಯಿತು. ಕೆಸರಲ್ಲಿ ಕೂತು ಮಣೆಯನ್ನು ಎದೆಗೆ ಅವುಚಿಕೊಂಡು ಬಾಯಿ ತೆರೆದು ಗಾಳಿಗೆ ಒದ್ದಾಡಿದರು. ಮಂಗಳ ಬಾಯಿಗೆ ಹಿಡಿಯುವ ಉಸಿರಿನ ಪಂಪು ತರಲು ಓಡಿದಳು. ಮಲ್ಲಾಜಮ್ಮ ಗೋಡೆಗೆ ಒರಗಿ ನಿಂತುಬಿಟ್ಟರು. ಉಸಿರು ಹತೋಟಿಗೆ ಬಂದ ಮೇಲೆ ನಾಗಮಲ್ಲಪ್ಪ ತಾಯಿಯ ಕಡೆ ತಿರುಗಿ ಮೆಲ್ಲಗೆ ಹೇಳಿದರು.

"ಇದ್ರಲ್ಲಿ ನನ್ ಜೀವ ಅದ ಕಣವ್ವ. ಇದ ಒಲೆಗ ಇಟ್ಟಿದ್ರ ನಾ ಎಲ್ಲಿರ್ತಿದ್ದೆ?"

ಆ ಒಂದು ಮಾತು ಆ ಮನೆಯನ್ನು ಬೇರೆಯೇ ಮಾಡಿತು. ಯಾಕೆ ಹಾಗೆಂದಿರಿ ಎಂದು ಆಮೇಲೊಮ್ಮೆ ನಾನು ಅವರನ್ನು ಕೇಳಿದೆ. ಕೋಲು ಹಿಡಿದವನ ತಮ್ಮ, ರಿಗ್ಗಿನಲ್ಲಿ ಇವರ ಜತೆ ಕೆಲಸ ಮಾಡಿದ ಕೋಫಿ ಎನ್ನುವವನು, ಮಣೆಯ ಒಳಗೆ ಏನಿರುತ್ತದೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದ್ದನಂತೆ. "ಆ ಮಾತ್ಗ ನಮ್ಮಲ್ಲಿ ಸರಿಯಾದ್ದು ಇಲ್ಲ ಟೀಚರೇ. ಆತ್ಮ ಅನ್ಬೋದು. ಅವ್ವಂಗ ಆತ್ಮ ಅಂದ್ರ ಸತ್ತೋರ್ದು. ಎದ್ರುಕತದೆ ಅಂತ ಜೀವ ಅಂದ್ಬುಟ್ಟೆ," ಎಂದು ನಕ್ಕರು.

ಮಲ್ಲಾಜಮ್ಮನಿಗೆ ಜೀವ ಎಂದರೆ ಜೀವವೇ. ಏಳು ಸಮುದ್ರದಾಚೆ ಗಿಣಿಯೊಳಗೆ ಜೀವ ಇಟ್ಟು ಬಂದ ರಾಕ್ಷಸನ ಕತೆಯನ್ನು ಮಗಳ ಮಕ್ಕಳಿಗೆ ಹೇಳಿದವರು ಅವರು. ಗಿಣಿಯ ಕಾಲು ಮುರಿದರೆ ರಾಕ್ಷಸನ ಕಾಲು ಮುರಿಯುತ್ತದೆ, ಕತ್ತು ತಿರುಚಿದರೆ ಅವನೂ ಸಾಯುತ್ತಾನೆ. ಮಗನೂ ಸಮುದ್ರ ದಾಟಿ ಹೋಗಿ ಬಂದವನು. ಅವರ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿ ಕೂತಿತು.

ಅವತ್ತೇ ಬಿಸಿನೀರಿನಲ್ಲಿ ಕೆಸರು ತೊಳೆದು, ಸೆರಗಿನಲ್ಲಿ ಒರೆಸಿ, ದೇವರ ಕೋಣೆಯಲ್ಲಿ ಹಳೆಯ ರೇಷ್ಮೆ ಸೀರೆಯ ತುಂಡಿನ ಮೇಲೆ ಮಣೆಯನ್ನು ಮಲಗಿಸಿದರು. ಹೌದು, ಮಲಗಿಸಿದರು. ಅಲೆಯುವಂಥವು ಬಂದು ಮಗನ ಜೀವದ ಮೇಲೆ ಕೂತರೆ ಎಂದು, ಇನ್ನು ಅದನ್ನು ಯಾರೂ ನಿಲ್ಲಿಸುವ ಹಾಗಿರಲಿಲ್ಲ. ಬೆಳಿಗ್ಗೆ ವಿಭೂತಿ ಇಟ್ಟರು. ನಾಗಮಲ್ಲಪ್ಪ ಕೂರಲು ಕೇಳಿದರೆ ಕೊಡಲಿಲ್ಲ.

"ಸವೀತದೆ ಕಣಪ್ಪ."

"ನನ್ ಜೀವದ ಮ್ಯಾಲೆ ನಾನೇ ಕೂರಂಗಿಲ್ವಾ ಅವ್ವ?"

"ಮೊದ್ಲು ವಾಸಿ ಮಾಡ್ಕ. ಆಮೇಲೆ ಕೂರೀವೆ."

ನನಗೆ ಇಂಥದ್ದೆಲ್ಲ ಕಂಡರೆ ಮೈ ಉರಿಯುತ್ತದೆ. ರೋಗಿಗೆ ಬಿಸಿಲಲ್ಲಿ ಕೂರಲು ಇದ್ದ ಒಂದು ಸುಖವನ್ನೂ ಕಿತ್ತುಕೊಂಡರಲ್ಲ ಎಂದು ಅಡುಗೆಮನೆಯಲ್ಲಿ ಮಂಗಳನ ಮುಂದೆ ಹಾರಾಡಿದೆ. ಅವಳು ರಾಗಿ ಹಿಟ್ಟು ಜರಡಿ ಹಿಡಿಯುತ್ತಾ ಕೇಳಿಸಿಕೊಂಡಳು. "ಬುಡಿ ಮೇಡಂ. ಮೊದ್ಲೆಲ್ಲ ಅವ್ರು ಕೆಮ್ಮುದ್ರ ಅತ್ತೆ ತುತ್ತ ಅಲ್ಲೇ ಬುಟ್ಟು ಏಳ್ತಿದ್ರು. ಈಗ ಒಳಗೋಗಿ ಮಣೆ ನೋಡ್ಕಂಡು ಬಂದು ಉಣ್ತಾರೆ," ಎಂದಳು.

ಆ ವರ್ಷ ಹಸ್ತದ ಮಳೆ ಬಿಡಲಿಲ್ಲ. ಮುಸುಕಿನ ಜೋಳದ ಹೊಲಗಳಲ್ಲಿ ನೀರು ನಿಂತಿತು. ಕಾವಲಿನ ಅಟ್ಟಣೆಗಳಿಂದ ಬಂದ ಗಂಡಸರು ಕಂಬಳಿ ಹಿಂಡುತ್ತಾ ಕೂರುತ್ತಿದ್ದರು. ಗೋಡೆಗಳು ಕೆಳಗಿನಿಂದ ತೇವ ಕುಡಿಯುತ್ತಿದ್ದವು. ಒಂದು ಬೆಳಿಗ್ಗೆ ನಾನು ಏಳನೇ ತರಗತಿಯಲ್ಲಿ ಬೋರ್ಡಿನ ಮೇಲೆ ಹೂಜಿ ಬರೆಯುತ್ತಿದ್ದೆ. ಬಾಗಿಲಲ್ಲಿ ಮಲ್ಲಾಜಮ್ಮ ನಿಂತಿದ್ದರು. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಹೊದ್ದುಕೊಳ್ಳಬೇಕಿದ್ದ ಕಂಬಳಿ ಕೈಯಲ್ಲಿದ್ದ ಮಣೆಗೆ ಸುತ್ತಿತ್ತು.

"ಟೀಚರಮ್ಮ, ಒಸಿ ಬನ್ನಿ. ಇದ್ಕ ಗೆದ್ಲು ಬಿದ್ದದ."

ವರಾಂಡದಲ್ಲಿ ಕಂಬಳಿ ಬಿಚ್ಚಿದೆ. ಗೋಡೆಗೆ ತಾಗಿದ್ದ ಪಾದದ ಅಂಚಿನಿಂದ ಮಣ್ಣಿನ ಸಣ್ಣ ಗೆರೆಯೊಂದು ನಡುಗಂಬದ ಕಡೆಗೆ ಹತ್ತಿತ್ತು. ಬೆರಳಲ್ಲಿ ಒತ್ತಿದೆ, ಒಳಗೆ ಬಿಳಿ ಹುಳುಗಳು ಹರಿದಾಡಿದವು. ತಲೆ ಎತ್ತಿ ಮುದುಕಿಯ ಮುಖ ನೋಡಿದೆ. ಡಾಕ್ಟರ ಮುಂದೆ ಕೂತವರ ಮುಖ ಅದು. ನನಗೆ ಅಲ್ಲಿಯವರೆಗೆ ಇದ್ದ ಕೋಪವೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ.

ಸಂಜೆ ಪಕ್ಕದ ಬೀದಿಯ ಮರಗೆಲಸದ ಆಚಾರಿಯನ್ನು ಕರೆತಂದೆ. ಅವನು ಮಣೆಯನ್ನು ಆಚೀಚೆ ತಿರುಗಿಸಿ, "ಔಷ್ದಿ ಇಳಿಬುಟ್ರೆ ಆಯ್ತು, ದೊಡ್ ಕೆಲ್ಸ ಏನಿಲ್ಲ," ಎಂದ.

"ಅದು ಇಸ ಅಲ್ವಾ?" ಎಂದರು ಮಲ್ಲಾಜಮ್ಮ.

"ಇಸ ಆಕ್ದೆ ಗೆದ್ಲು ಸಾಯ್ತದಾ ಅಜ್ಜಿ?"

"ಇಸ ಬ್ಯಾಡ."

ನಾನು ನಡುವೆ ಬಾಯಿ ಹಾಕಿದೆ. "ಅಜ್ಜಿ, ಹಾಕೋದು ಮರಕ್ಕೆ. ನಿಮ್ಮ ಮಗನಿಗಲ್ಲ."

ಅವರು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. "ಅವನ್ ಜೀವುಕ್ಕ ಇಸ ಉಯ್ಯಿ ಅಂತೀರಲ್ಲವ್ವ," ಎಂದರು. ಬೈದಿದ್ದರೆ ಸಹಿಸಬಹುದಿತ್ತು, ಅವರು ಬೇಡಿಕೊಳ್ಳುವ ದನಿಯಲ್ಲಿ ಹೇಳಿದರು. ಆಚಾರಿ ಉಳಿ ಚೀಲಕ್ಕೆ ಹಾಕಿಕೊಂಡು ಎದ್ದುಹೋದ.

ಅಲ್ಲಿಂದ ಮುಂದಕ್ಕೆ ಮುದುಕಿಯ ಹಗಲುಗಳೆಲ್ಲ ಆ ಮಣೆಗೇ ಆದವು. ಪೊರಕೆಕಡ್ಡಿಯ ತುದಿಯಲ್ಲಿ ಒಂದೊಂದೇ ಹುಳು ತೆಗೆದು ಹಾಕುವರು. ತೆಗೆದ ಹುಳುವನ್ನು ಕೊಲ್ಲುತ್ತಲೂ ಇರಲಿಲ್ಲ. ಅವನ ಜೀವ ತಿಂದವು, ಅವುಗಳ ಹೊಟ್ಟೆಯಲ್ಲೂ ಅವನ ಒಂದಿಷ್ಟು ಇರಬಹುದು ಎಂಬ ಅನುಮಾನ. ಎಲೆಯಲ್ಲಿ ಹಾಕಿ ದೂರದ ಹುತ್ತದ ಹತ್ತಿರ ಬಿಟ್ಟು ಬರುವರು. ತೂತುಗಳಿಗೆ ಬೇವಿನೆಣ್ಣೆಯ ಬತ್ತಿ ತುರುಕುವರು. ಮನೆಯೊಳಗೆ ಹೊಗೆ ಹಾಕಿದರೆ ಮಗನಿಗೆ ಉಸಿರು ಕಟ್ಟುತ್ತದೆಂದು ಮಣೆಯನ್ನು ಕೊಟ್ಟಿಗೆಗೆ ಹೊತ್ತುಕೊಂಡು ಹೋಗಿ ಬೇವಿನ ಸೊಪ್ಪಿನ ಹೊಗೆ ಹಿಡಿಯುವರು, ತಾವೇ ಕಣ್ಣು ಕೆಂಪಗೆ ಮಾಡಿಕೊಂಡು ಕೆಮ್ಮುತ್ತಾ ಬರುವರು. ಮಳೆ ಬಿಟ್ಟ ಹೊತ್ತಿನಲ್ಲಿ ಅಂಗಳಕ್ಕೆ ಬಿಸಿಲಿನ ಒಂದು ಪಟ್ಟೆ ಬಿದ್ದರೆ ಮಣೆ ಅಲ್ಲಿಗೆ ಬರುತ್ತಿತ್ತು. ಪಟ್ಟೆ ಸರಿದ ಹಾಗೆ ಮಣೆಯನ್ನೂ ಸರಿಸುತ್ತಾ ಪಕ್ಕದಲ್ಲಿ ಕೂರುವರು.

ನಾಗಮಲ್ಲಪ್ಪ ಒಳಗೆ ಮಂಚದ ಮೇಲೆ ದಿಂಬಿಗೆ ಒರಗಿ ಕಿಟಕಿಯಿಂದ ನೋಡುತ್ತಿದ್ದರು. "ನೋಡಿ ಟೀಚರೇ, ನನ್ನ ಬಿಸ್ಲಿಗ ಒಣಾಕವ್ಳ ನಮ್ಮವ್ವ," ಎಂದರು ಒಂದು ದಿನ. ಆ ಹೊತ್ತಿಗೆ ಅವರು ಮಂಚ ಬಿಟ್ಟು ಏಳುವುದು ಕಡಿಮೆಯಾಗಿತ್ತು.

ಒಂದು ಶನಿವಾರ ಕೊಳ್ಳೇಗಾಲದ ಬಸ್ಸಿನಲ್ಲಿ ಮಂಗಳ ಸಿಕ್ಕಳು. ಔಷಧಿ ತರಲು ಹೊರಟಿದ್ದಳು. ಹನೂರು ದಾಟುವವರೆಗೂ ಕಿಟಕಿಯಾಚೆ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಹೇಳಿದಳು. "ಡಾಕ್ಟ್ರು ಇನ್ ಕರ್ಕಬರ್ಬ್ಯಾಡಿ ಅಂದ್ರು ಮೇಡಂ. ಮನೇಲೇ ಚೆನ್ನಾಗ್ ನೋಡ್ಕಳಿ ಅಂದ್ರು. ಅವ್ರಿಗ ಗೊತ್ತು. ಅತ್ತೆಗ ಏಳಿಲ್ಲ. ನೀವೂ ಏಳ್ಬ್ಯಾಡಿ." ನಾನು ಅವಳ ಕೈ ಹಿಡಿದುಕೊಂಡೆ. ಅಂಗೈ ದೊರಗಾಗಿತ್ತು, ತಣ್ಣಗಿತ್ತು. ಕೊಳ್ಳೇಗಾಲ ಬರುವವರೆಗೂ ಇಬ್ಬರೂ ಹಾಗೇ ಕೂತಿದ್ದೆವು.

ಮುಂದಿನ ವಾರ ನಾಗಮಲ್ಲಪ್ಪ ನನ್ನನ್ನು ಕರೆದರು. ಮುದುಕಿ ಕೊಟ್ಟಿಗೆಯಲ್ಲಿದ್ದರು.

"ಟೀಚರೇ, ಅವ್ವಂಗ ಏಳ್ಬುಡ್ಲಾ, ಅದು ಬರೀ ಮರ ಅಂತ?"

ಅವರೇ ಮುಂದುವರಿಸಿದರು. "ಬ್ಯಾಡ ಅನ್ನುಸ್ತದೆ. ಡಾಕ್ಟ್ರು ಕೈ ಬುಟ್ರು. ಮಂಗಳನ್ ಕೈಲೂ ಏನಿಲ್ಲ. ಅವ್ವನ್ ಕೈಲಿ ಒಂದ್ ಕೆಲ್ಸ ಅದ. ಅದ್ನೂ ಯಾಕ್ ಕಿತ್ಕಳದು." ಉಸಿರು ಎಳೆದುಕೊಂಡು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. "ಅವ್ವ ಅಂಗ್ ಕೂತ್ಕಂಡು ಹುಳ ತಗೀತಾ ಇದ್ರ, ಒಂದೊಂದ್ ಸಲ ನಂಗೇ ಅನ್ನುಸ್ತದ ಟೀಚರೇ. ನಾ ಇಲ್ಲಿಲ್ಲ, ಅಲ್ಲೇ ಅವ್ವನ್ ತೊಡೆ ಮ್ಯಾಲೆ ಇವ್ನಿ ಅಂತ."

ದೀಪಾವಳಿ ಕಳೆಯಿತು. ಮಳೆ ಹಿಂದೆ ಸರಿದು ಬಿಸಿಲು ಗಟ್ಟಿಯಾಯಿತು. ಗೆದ್ದಲು ನಿಜವಾಗಿಯೂ ಹೋಗಿತ್ತು. ಮಲ್ಲಾಜಮ್ಮ ಸಿಕ್ಕ ಸಿಕ್ಕವರಿಗೆಲ್ಲ ಹೇಳಿದರು, ಗೆದ್ದಲು ಬಿಡ್ತು ಕಣ್ರಿ, ಇನ್ನೇನು ಎದ್ದು ಓಡಾಡ್ತಾನೆ ಎಂದು. ಕೇಳಿದವರು ಹೂಂ ಎಂದು ಮುಂದೆ ಹೋಗುವರು. ಅವರು ಹಾಗೆ ಹೇಳುವಾಗ ಮಂಗಳ ಒಳಗೆ ಹೋಗಿಬಿಡುತ್ತಿದ್ದಳು. ನನಗೆ ಹಗಲೂ ಇರುಳೂ ಒಂದೇ ಭಯ. ಮಣೆ ಗಟ್ಟಿಯಾಗಿರುವಾಗಲೇ ಮಗ ಹೋಗಿಬಿಟ್ಟರೆ ಈ ಜೀವ ಏನಾಗಬೇಕು? ಎಲ್ಲಿ ತಪ್ಪಿದೆ, ಯಾವ ಹುಳು ಬಿಟ್ಟೆ ಎಂದು ಸಾಯುವವರೆಗೂ ಹುಡುಕುತ್ತಾ ಕೂರುವುದಿಲ್ಲವೇ?

ಕಾರ್ತಿಕದ ಒಂದು ಸೋಮವಾರ. ನಾನು ಬೆಳಗಿನ ಬಸ್ಸಿಳಿದು ಬಂದಾಗ ಮಲ್ಲಾಜಮ್ಮ ಮಣೆಗೆ ವಿಭೂತಿ ಇಟ್ಟು ಜಗಲಿಯ ಬಿಸಿಲಿಗೆ ತಂದು ನಿಲ್ಲಿಸಿದ್ದರು. "ಇವತ್ತು ಅವ್ನ ಕೂರುಸ್ತೀನಿ. ವಾಸಿ ಆಯ್ತಲ್ಲ," ಎಂದರು. ಅತ್ತೆ ಸೊಸೆ ಇಬ್ಬರೂ ಎರಡು ಕಡೆ ಹಿಡಿದು ನಾಗಮಲ್ಲಪ್ಪನನ್ನು ಕರೆತಂದು ಕೂರಿಸಿದರು. ಅವರು ಆ ಬಾಗಿದ ಅಂಚುಗಳನ್ನು ಎರಡೂ ಕೈಯಲ್ಲಿ ಸವರಿದರು. ಬಿಸಿಲಿಗೆ ಮುಖ ಒಡ್ಡಿದರು. "ಚೆನ್ನಾಗ್ ನೋಡ್ಕಂಡಿದ್ದೀಯ ಕಣವ್ವ," ಎಂದರು. ನಾನು ಚೀಲ ಇಟ್ಟು ಶಾಲೆಗೆ ಹೊರಡಲು ಕೋಣೆಯಿಂದ ಬರುವಷ್ಟರಲ್ಲಿ ಅವರ ತಲೆ ಮಂಗಳನ ಭುಜಕ್ಕೆ ವಾಲಿತ್ತು. ನಿದ್ದೆ ಬಂತು ಎಂದುಕೊಂಡೆ. ಮಂಗಳನ ಮುಖ ನೋಡಿದ ಮೇಲೆ ಗೊತ್ತಾಯಿತು.

ಜನ ಸೇರಿದರು. ಮಧುವನಹಳ್ಳಿಗೆ ಕೊಟ್ಟಿದ್ದ ಮಲ್ಲಾಜಮ್ಮನ ಮಗಳು ಮಕ್ಕಳ ಜತೆ ಬಂದಳು. ದರಿದ್ರದ ಮಣೆ, ಅದರ ಮೇಲೆ ಕೂತಿದ್ದಕ್ಕೇ ಹೋದ ಎಂದು ಯಾರೋ ಮುದುಕಿಗೆ ಕೇಳುವಂತೆಯೇ ಅಂದರು. ನಾನು ಅವರ ಮೇಲೆ ರೇಗಲು ಹೋದೆ, ಆದರೆ ಮಲ್ಲಾಜಮ್ಮ ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. ಆ ಮನೆಯವರದು ಸತ್ತವರನ್ನು ಕೂರಿಸಿಯೇ ಕಳಿಸುವ ಪದ್ಧತಿ. ಮೈ ತೊಳೆಯಲು ಹಲಗೆ ತಂದಾಗ ಅವರು ಬೇಡವೆಂದರು. "ಅವನ್ ಮಣೆ ಮ್ಯಾಲೇ ಕೂರ್ಸಿ ತೊಳೀರಪ್ಪ," ಎಂದರು. ಹಾಗೆಯೇ ತೊಳೆದರು. ಆ ದೂರದ ದೇಶದಲ್ಲೂ ದೊಡ್ಡವರು ಹೋದರೆ ಅವರ ಮಣೆಯ ಮೇಲೇ ಕೂರಿಸಿ ಮೈ ತೊಳೆಯುತ್ತಾರೆ ಎಂಬುದು ನನಗೆ ತಿಳಿದದ್ದು ಆಮೇಲೆ. ಮಲ್ಲಾಜಮ್ಮನಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಚೆಂಡುಹೂವಿನ ವಿಮಾನದಲ್ಲಿ ಅವರು ಕೂತು ಹೋದ ಮೇಲೆ, ಮಣ್ಣು ಮಾಡಿ ಬಂದವರು ಕಾಲು ತೊಳೆಯುತ್ತಿದ್ದಾಗ, ದಾಯಾದಿಯೊಬ್ಬರು ಮಣೆಯನ್ನು ಹಳ್ಳಕ್ಕೆ ಎಸೆದು ಬರಲು ಎತ್ತಿಕೊಂಡರು. ಮಲ್ಲಾಜಮ್ಮ ಎದ್ದು ಹೋಗಿ ಅವರ ಕೈಯಿಂದ ಅದನ್ನು ತೆಗೆದುಕೊಂಡರು.

"ಮಣ್ಗ ಓದ್ದು ಮೈಯಿ ಕಣಪ್ಪ. ಜೀವ ಇಲ್ಲೇ ಅದ. ಮುಟ್ಬ್ಯಾಡಿ."

ವಾರಗಟ್ಟಲೆ ನಾನು ಹೆದರಿದ್ದ ಗಳಿಗೆ ಹಾಗೆ ಬಂದು ಹಾಗೆ ಹೋಯಿತು. ಅವರು ಎಲ್ಲಿ ತಪ್ಪಿತೆಂದು ಹುಡುಕಲಿಲ್ಲ. ಹೆದರಬಾರದೆಂದು ಮಗ ಯೋಚಿಸಿ ಕೊಟ್ಟಿದ್ದ ಆ ಒಂದು ಮಾತನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದರು.

ಹನ್ನೊಂದರ ಕಾರ್ಯ ಕಳೆದ ಮೇಲೆ ಮಂಗಳನ ಫೋನಿಗೆ, ಸಾವಿನ ಸುದ್ದಿ ತಿಳಿದಿದ್ದ ಕೋಫಿ ಘಾನಾದಿಂದ ವಿಡಿಯೊ ಕರೆ ಮಾಡಿದ. ಇಂಗ್ಲಿಷ್ ಆದ್ದರಿಂದ ನನ್ನನ್ನು ಕೂಗಿದರು. ಅವನ ಹಿಂದೆ ಅಂಗಳ ಕಾಣುತ್ತಿತ್ತು, ಕೆಳಗೆ ಕೆಂಪು, ಮೇಲೆ ಬಿಳುಪು. ಅವನು ನಿಧಾನವಾಗಿ ಹೇಳಿದ. ಅಲ್ಲಿ ಎಲ್ಲರ ಮಣೆಯನ್ನೂ ಉಳಿಸಿಕೊಳ್ಳುವುದಿಲ್ಲ. ಊರಿಗೆ ಒಳ್ಳೆಯದು ಮಾಡಿ ಹೋದ ದೊಡ್ಡವರ ಮಣೆಗೆ ಮಾತ್ರ ಕಪ್ಪು ಬಳಿದು ಹಿರಿಯರ ಕೋಣೆಯಲ್ಲಿ ಇಡುತ್ತಾರೆ, ಹಬ್ಬಕ್ಕೆ ಎಡೆ ಇಡುತ್ತಾರೆ. ಹಿರಿಯರು ಕೂತು ಮಾತಾಡಿದ್ದಾರೆ, ಕ್ವಾಜೊಗೆ ಅದು ಸಲ್ಲುತ್ತದೆ. ಮಣೆ ನಿಮ್ಮಲ್ಲಿದೆ, ತಾಯಿ ಒಪ್ಪಿದರೆ ನೀವೇ ಮಾಡಿ ಎಂದ. ನಾನು ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದೆ. ಒಲೆಯ ಮಸಿಯ ಜತೆ ಮೊಟ್ಟೆಯ ಹಳದಿ ಕಲಸಬೇಕೆಂದು ಅವನು ಹೇಳಿದ್ದನ್ನು ಮಾತ್ರ, ಆ ಮನೆಯ ನಡವಳಿಕೆ ಬಲ್ಲ ನಾನು ಬಿಟ್ಟೆ.

ಮಲ್ಲಾಜಮ್ಮ ಫೋನಿನೊಳಗಿನ ಆ ಮುಖವನ್ನೇ ನೋಡುತ್ತಾ ಕೇಳಿಸಿಕೊಂಡರು. "ಒಲೆ ಮಸಿ ಯಾಕ," ಎಂದರು. "ನಾ ಕಾಡ್ಗ ಮಾಡ್ತೀನಿ."

ಮಾರನೆಯ ದಿನ ಬೆಳಿಗ್ಗೆ ಮಣ್ಣಿನ ಹಣತೆಗೆ ಹರಳೆಣ್ಣೆ ಹಾಕಿ ಬಟ್ಟೆಯ ಬತ್ತಿ ಹಚ್ಚಿದರು. ಸುತ್ತ ಕಲ್ಲು ಇಟ್ಟು ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿದರು. ತಟ್ಟೆಗೆ ಹಿಡಿದ ಮಸಿಯನ್ನು ಎಣ್ಣೆಯಲ್ಲಿ ಮಿದಿದು ಬೆರಳಲ್ಲಿ ಹಚ್ಚತೊಡಗಿದರು. ಇಡೀ ಮಣೆಗೆ ಸಾಲುವಷ್ಟು ಕಾಡಿಗೆ ಒಂದು ದಿನಕ್ಕೆ ಆಗುವುದೇ? ದಿನಾ ದೀಪ ಹಚ್ಚಿದರು, ದಿನಾ ಸ್ವಲ್ಪ ಸ್ವಲ್ಪ ಹಚ್ಚಿದರು. ಬಾಗಿದ ಹಲಗೆ ಕಪ್ಪಾಯಿತು. ಕಂಬದ ಒಂದೊಂದು ಹಲ್ಲಿನ ಸಂದಿಯೂ ಕಪ್ಪಾಯಿತು. ಗೆದ್ದಲು ತಿಂದ ತೂತುಗಳು ಮುಚ್ಚಿಹೋದವು. ಮಂಗಳ ಮಾಡಿಕೊಡುತ್ತೇನೆಂದರೂ ಬಿಡಲಿಲ್ಲ. ನಾನು ಶಾಲೆಯಿಂದ ಬಂದು ಜಗಲಿಯ ಕಂಬಕ್ಕೊರಗಿ ನೋಡುತ್ತಾ ಕೂರುತ್ತಿದ್ದೆ.

ಕೊನೆಯ ದಿನ ಎಲ್ಲ ಹಚ್ಚಿ ಮುಗಿದ ಮೇಲೆ ಅವರ ಬೆರಳ ತುದಿಯಲ್ಲಿ ಒಂದಿಷ್ಟು ಕಾಡಿಗೆ ಉಳಿದಿತ್ತು. ಸೆರಗಿಗೆ ಒರೆಸಿಕೊಳ್ಳುತ್ತಾರೆಂದುಕೊಂಡೆ. ಅವರು ಮಣೆಯನ್ನು ತೊಡೆಯ ಮೇಲೆ ಎತ್ತಿ ಮಲಗಿಸಿಕೊಂಡು, ಅದರ ಪಾದದ ಅಡಿಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಮರ ಬೆಳ್ಳಗೆ ಉಳಿದಿದ್ದುದು ಅಲ್ಲೊಂದೇ. ಅದರ ನಡುವೆ ಒಂದು ಬೊಟ್ಟು ಇಟ್ಟರು.

"ಅಂಗಾಲ್ಗ," ಎಂದರು ನನಗೆ. "ದೃಷ್ಟಿ ಆಗ್ಬಾರ್ದು."